ಅಡ್ರಿನಲಿನ್: ತೊಡೆಗೆ ಕೊಡುವ ಜೀವ ಉಳಿಸುವ ಇಂಜೆಕ್ಷನ್

ಮೂಡಿಗೆರೆ, ಸಕಲೇಶಪುರದ ಕಾಫಿ ತೋಟಗಳಲ್ಲಿ ದುಡಿಯುವವರಿಗೆ ಹೆಜ್ಜೇನು ಹೊಸದಲ್ಲ. ಕಚ್ಚಿದ ಜಾಗ ಉರಿದು, ಊದಿ, ಎರಡು ದಿನಕ್ಕೆ ಇಳಿಯುತ್ತದೆ. ಆದರೆ ಕೆಲವರಿಗೆ ಒಂದೇ ಹುಳ ಕಚ್ಚಿದರೂ ಸಾಕು, ನೋಡನೋಡುತ್ತಲೇ ಮೈತುಂಬ ಗಂಧೆ ಏಳುತ್ತದೆ. ತುಟಿ, ನಾಲಿಗೆ ದಪ್ಪಗಾಗುತ್ತವೆ, ಗಂಟಲು ಬಿಗಿದು ದನಿ ಬದಲಾಗುತ್ತದೆ, ಎದೆಯಲ್ಲಿ ಸುಂಯ್ ಎನ್ನುವ ಸದ್ದು, ವಾಂತಿ, ಕಣ್ಣು ಕತ್ತಲೆ. ಇದೇ ಅನಾಫಿಲ್ಯಾಕ್ಸಿಸ್, ಅಂದರೆ ಜೀವಕ್ಕೇ ಅಪಾಯ ತರುವ ವಿಪರೀತ ಅಲರ್ಜಿ. ಶೇಂಗಾ, ಸೀಗಡಿ, ಕೆಲವು ಮಾತ್ರೆ, ಇಂಜೆಕ್ಷನ್‌ಗಳಿಂದಲೂ ಹೀಗಾಗಬಹುದು. ಗಂಧೆ ಏಳದೆಯೇ ನೇರ ಉಸಿರು ಕಟ್ಟುವುದೂ ಉಂಟು.

ಇದಕ್ಕೆ ಮೊದಲ ಮದ್ದು ಅಡ್ರಿನಲಿನ್. ಎಪಿನೆಫ್ರಿನ್ ಎಂದು ಬರೆದಿದ್ದರೂ ಅದೇ. ಮೂತ್ರಪಿಂಡಗಳ ಮೇಲಿರುವ ಪುಟ್ಟ ಗ್ರಂಥಿಗಳು ಹೆದರಿಕೆಯಾದಾಗ ರಕ್ತಕ್ಕೆ ಬಿಡುವ ಹಾರ್ಮೋನೇ ಇದು.

ಅಲರ್ಜಿ ವಿಪರೀತಕ್ಕೆ ಹೋದಾಗ ರಕ್ತನಾಳಗಳು ಸಡಿಲಗೊಂಡು ಜಿನುಗತೊಡಗುತ್ತವೆ. ಸ್ಪ್ರಿಂಕ್ಲರ್ ಪೈಪು ಹತ್ತು ಕಡೆ ಸೋರಿದರೆ ಕೊನೆಯ ಜೆಟ್‌ಗೆ ಒತ್ತಡ ಸಿಗದ ಹಾಗೆ, ಮಿದುಳಿಗೂ ಹೃದಯಕ್ಕೂ ರಕ್ತ ಸಾಲದಾಗುತ್ತದೆ. ಅಡ್ರಿನಲಿನ್ ನಾಳಗಳನ್ನು ಬಿಗಿಗೊಳಿಸಿ, ಹೃದಯದ ಬಡಿತಕ್ಕೆ ಬಲ ಕೊಟ್ಟು, ಶ್ವಾಸನಾಳ ತೆರೆಸುತ್ತದೆ.

ನಮ್ಮ ಕಡೆ ಅಲರ್ಜಿ ಎಂದರೆ ಬಾಯಿಗೆ ಮೊದಲು ಬರುವುದು 'ಒಂದು ಅವಿಲ್ ಹಾಕಿಸಿ' ಎಂಬ ಮಾತು. ಅವಿಲ್ ತುರಿಕೆ, ಗಂಧೆಯನ್ನು ಇಳಿಸುತ್ತದೆ, ನಿಜ. ಆದರೆ ಕುಸಿಯುತ್ತಿರುವ ಬಿಪಿಯನ್ನು ಅದು ಎತ್ತಲಾರದು, ಊದಿದ ಗಂಟಲನ್ನು ಬಿಡಿಸಲಾರದು. ಸ್ಟಿರಾಯ್ಡ್ ಇಂಜೆಕ್ಷನ್ ಕೆಲಸ ಶುರುಮಾಡಲು ಗಂಟೆಗಳೇ ಬೇಕು. ಇವೆರಡೂ ಆಮೇಲಿನವು. ಅವುಗಳಿಗಾಗಿ ಅಡ್ರಿನಲಿನ್ ತಡವಾಯಿತೆಂದರೆ ಜೀವಕ್ಕೇ ಅಪಾಯ, ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ.

ಮದ್ದು ದುಬಾರಿಯದಲ್ಲ. ಬೆರಳುದ್ದವೂ ಇಲ್ಲದ ಗಾಜಿನ ಆಂಪ್ಯೂಲ್, ಅದರಲ್ಲಿ 1 ಮಿಲೀ ದ್ರವ, ಆ ದ್ರವದಲ್ಲಿ 1 ಮಿಲಿಗ್ರಾಂ ಮದ್ದು. ದೊಡ್ಡವರಿಗೆ ಅದರಲ್ಲಿ ಅರ್ಧ. ಮಕ್ಕಳಿಗೆ ಕಿಲೋ ತೂಕಕ್ಕೆ 0.01 ಮಿಲಿಗ್ರಾಂ ಲೆಕ್ಕ. ತೊಡೆಯ ಹೊರಮಗ್ಗುಲಿನ ನಡುಭಾಗದ ಸ್ನಾಯುವಿಗೆ ಚುಚ್ಚಬೇಕು, ತೋಳಿಗಿಂತ ಅಲ್ಲಿಂದ ಬೇಗ ರಕ್ತಕ್ಕೆ ಸೇರುತ್ತದೆ. ಚೇತರಿಕೆ ಕಾಣದಿದ್ದರೆ 5 ನಿಮಿಷದ ಮೇಲೆ ಮತ್ತೊಮ್ಮೆ ಕೊಡುತ್ತಾರೆ. ಕೈ ನಡುಗುವುದು, ಎದೆ ಡವಗುಟ್ಟುವುದು ಸಹಜ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಅಮೆರಿಕದಲ್ಲಿ 1987ರಿಂದ ರೋಗಿಯೇ ಚುಚ್ಚಿಕೊಳ್ಳುವ ಪೆನ್ನು ಸಿಗುತ್ತಿದೆ. ನಮ್ಮೂರ ಮೆಡಿಕಲ್ ಶಾಪಿನಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ಅಸ್ತಮಾದ ಮಾತು ಬೇರೆ. ಹೂಮಳೆಯ ಥಂಡಿಗೋ ಧೂಳಿಗೋ ದಮ್ಮು ಕಟ್ಟಿದರೆ ಮೊದಲು ಬೇಕಾದದ್ದು ಸಾಲ್ಬುಟಮಾಲ್ ಇನ್ಹೇಲರ್, ಅಡ್ರಿನಲಿನ್ ಅಲ್ಲ. ಆದರೆ ಅಸ್ತಮಾ ಇರುವವರಿಗೆ ಅನಾಫಿಲ್ಯಾಕ್ಸಿಸ್ ಬಂದರೆ ಅದು ಉಳಿದವರಿಗಿಂತ ಅಪಾಯಕಾರಿ. ಜೇನು ಕಚ್ಚಿದ ಮೇಲೋ ಆಗದ ಊಟ ಉಂಡ ಮೇಲೋ ದಿಢೀರನೆ ಉಸಿರು ಕಟ್ಟಿದರೆ 'ಹಳೇ ದಮ್ಮೇ ಇರಬೇಕು' ಎಂದು ಬರೀ ಇನ್ಹೇಲರ್ ಎಳೆಯುತ್ತ ಕೂರಬಾರದು. ಆಗ ಅಡ್ರಿನಲಿನ್ ಮೊದಲು, ಇನ್ಹೇಲರ್ ಅದರ ಜೊತೆಗೆ.

ತೋಟದಲ್ಲಿ ಹೀಗಾದರೆ ಹುಳಗಳಿಂದ ದೂರ ಕರೆತಂದು, ಮೈಯಲ್ಲಿ ಉಳಿದ ಮುಳ್ಳನ್ನು ತಕ್ಷಣ ಕೆರೆದು ತೆಗೆಯಿರಿ. ಮಲಗಿಸಿ ಕಾಲನ್ನು ಎತ್ತರಕ್ಕಿಡಿ. ಉಸಿರಾಟ ಕಷ್ಟವಾದರೆ ಕೂರಿಸಿ. ಎಬ್ಬಿಸಿ ನಡೆಸಬೇಡಿ. 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಗೂ ಮುಂಚೆಯೇ ಫೋನ್ ಮಾಡಿ 'ಅನಾಫಿಲ್ಯಾಕ್ಸಿಸ್ ಇರಬಹುದು' ಎಂದು ತಿಳಿಸಿ. ಗುಣವಾದಂತೆ ಕಂಡರೂ ಕೆಲವು ಗಂಟೆ ಆಸ್ಪತ್ರೆಯಲ್ಲೇ ಇರಬೇಕು, ಏಕೆಂದರೆ ಇಳಿದದ್ದು ಮತ್ತೆ ಮರುಕಳಿಸಬಹುದು.