ಪಾಟ್ರೋಕ್ಲಸ್ ಅಕಿಲೀಸನಿಗಿಂತ ಚಿಕ್ಕವನೇ?

ಪ್ರಶ್ನೆ: ಗ್ರೀಕ್ ವೀರ ಅಕಿಲೀಸನ ಸಂಗಾತಿ ಪಾಟ್ರೋಕ್ಲಸನನ್ನು ಸಿನಿಮಾದಲ್ಲಿ ಎಳೆಯ ಹುಡುಗನಂತೆ ತೋರಿಸಿದ್ದಾರೆ. ಮೂಲಕಥೆಯಲ್ಲಿಯೂ ಅವನು ಕಿರಿಯನೇ?

ಉತ್ತರ: ಅಲ್ಲ, ಪಾಟ್ರೋಕ್ಲಸನೇ ಹಿರಿಯ. 2004ರಲ್ಲಿ ತೆರೆಕಂಡ ‘ಟ್ರಾಯ್’ ಚಿತ್ರ ಅವನನ್ನು ಅಕಿಲೀಸನಿಂದ ಕತ್ತಿವರಸೆ ಕಲಿಯುವ ದಾಯಾದಿ ತಮ್ಮನನ್ನಾಗಿಸಿತು. ಟ್ರಾಯ್ ನಗರದ ಮೇಲೆ ಗ್ರೀಕರು ಹೂಡಿದ ಯುದ್ಧವನ್ನು ಹಾಡುವ ಹೋಮರನ ಮಹಾಕಾವ್ಯ ‘ಇಲಿಯಡ್’ ಮಾತ್ರ ಈ ವಿಷಯದಲ್ಲಿ ಸಂದೇಹಕ್ಕೆ ಎಡೆಗೊಡುವುದಿಲ್ಲ. ಅದರ 11ನೆಯ ಸರ್ಗದಲ್ಲಿ ಗ್ರೀಕರ ಕಡೆಯ ವೃದ್ಧ ರಾಜ ನೆಸ್ಟರ್, ಯುದ್ಧಕ್ಕೆ ಹೊರಟ ದಿನ ಮೆನೋಯ್ಟಿಯಸ್ ತನ್ನ ಮಗ ಪಾಟ್ರೋಕ್ಲಸನಿಗೆ ಹೇಳಿದ್ದ ಮಾತನ್ನು ನೆನಪಿಸುತ್ತಾನೆ: ಕುಲದಲ್ಲಿಯೂ ಬಲದಲ್ಲಿಯೂ ಅಕಿಲೀಸನೇ ಮೇಲು, ಆದರೆ ವಯಸ್ಸಿನಲ್ಲಿ ನೀನು ದೊಡ್ಡವನು, ಆದ್ದರಿಂದ ಅವನಿಗೆ ಬುದ್ಧಿ ಹೇಳಬೇಕಾದವನು ನೀನೇ. ಈ ಬಗ್ಗೆ ಪ್ರಾಚೀನರಲ್ಲೂ ತಕರಾರಿತ್ತು. ತತ್ತ್ವಜ್ಞಾನಿ ಪ್ಲೇಟೋನ ಸಂವಾದಕೃತಿ ‘ಸಿಂಪೋಸಿಯಂ’ನಲ್ಲಿ ಫೀಡ್ರಸ್ ಎಂಬ ಪಾತ್ರ, ಇಬ್ಬರ ಪ್ರೇಮಸಂಬಂಧದಲ್ಲಿ ಅಕಿಲೀಸನನ್ನು ಹಿರಿಯ ಪ್ರೇಮಿಯ ಸ್ಥಾನದಲ್ಲಿಟ್ಟ ನಾಟಕಕಾರ ಎಸ್ಕಿಲಸನದು ಅಸಂಬದ್ಧ ಪ್ರಲಾಪವೆನ್ನುತ್ತಾನೆ; ಅಕಿಲೀಸನಿಗೆ ಆಗಿನ್ನೂ ಗಡ್ಡವೇ ಮೂಡಿರಲಿಲ್ಲವೆಂಬುದು ಅವನ ವಾದ. ಬರ್ಲಿನ್ನಿನಲ್ಲಿರುವ, ಕ್ರಿ.ಪೂ. 500ರ ಸುಮಾರಿನ ಪಾನಪಾತ್ರೆಯೊಂದರ ಮೇಲೂ ಗಾಯಗೊಂಡು ಕುಳಿತ ಪಾಟ್ರೋಕ್ಲಸನಿಗೆ ಗಡ್ಡವಿದೆ, ಅವನ ತೋಳಿಗೆ ಪಟ್ಟಿ ಕಟ್ಟುತ್ತಿರುವ ಅಕಿಲೀಸನಿಗೆ ಇಲ್ಲ.

ಈ ವಯಸ್ಸಿನ ಲೆಕ್ಕವನ್ನು ಮರೆತರೆ 16ನೆಯ ಸರ್ಗದ ಸೊಗಸೇ ಕೈತಪ್ಪುತ್ತದೆ ಎಂದು ನನಗೆ ಅನಿಸುತ್ತದೆ. ಮುನಿಸಿಕೊಂಡ ಅಕಿಲೀಸ್ ಯುದ್ಧದಿಂದ ದೂರ ಉಳಿದು ಗ್ರೀಕರು ಸೋಲುತ್ತಿರುವಾಗ, ಬುದ್ಧಿ ಹೇಳಬೇಕಾಗಿದ್ದ ಹಿರಿಯ ಅಲ್ಲಿ ಅಳುತ್ತ ಬರುತ್ತಾನೆ. ಅಮ್ಮನ ಸೆರಗು ಜಗ್ಗಿ ಎತ್ತಿಕೋ ಎಂದು ಗೋಗರೆಯುವ ಪುಟ್ಟ ಹುಡುಗಿಯಂತೆ ಯಾಕೆ ಅಳುತ್ತೀಯೆ ಎಂದು ಕಿರಿಯನೇ ಅವನನ್ನು ಕೇಳುತ್ತಾನೆ. ಪಾಟ್ರೋಕ್ಲಸ್ ಗೆಳೆಯನ ಕಠಿಣ ಮನಸ್ಸನ್ನು ನಿಂದಿಸುತ್ತಾನೆ, ಆದರೆ ಅದನ್ನು ಬದಲಿಸಲಾರದೆ, ನೆಸ್ಟರ್ ಸೂಚಿಸಿದ್ದಂತೆ, ಅವನ ಕವಚವನ್ನಾದರೂ ತನಗೆ ತೊಡಿಸಿ ಕಳುಹಿಸೆಂದು ಬೇಡುತ್ತಾನೆ. ಮೂಢ, ತನ್ನ ಸಾವನ್ನೇ ಬೇಡುತ್ತಿದ್ದ ಎಂದು ಕವಿ ಅಲ್ಲಿಯೇ ಮರುಗುತ್ತಾನೆ. ಹಡಗುಗಳ ಬಳಿಯಿಂದ ಶತ್ರುಗಳನ್ನು ಓಡಿಸಿ ಹಿಂದಿರುಗು, ಟ್ರಾಯ್ ಕೋಟೆಯತ್ತ ಹೋಗಬೇಡ ಎಂಬ ಎಚ್ಚರಿಕೆಯೂ ಕಿರಿಯನ ಬಾಯಿಂದಲೇ ಬರುತ್ತದೆ. ಗೆಲುವಿನ ಅಮಲಿನಲ್ಲಿ ಅದನ್ನು ಮರೆತ ಪಾಟ್ರೋಕ್ಲಸ್ ಕೋಟೆಗೋಡೆಯನ್ನೇ ಹತ್ತಹೊರಡುತ್ತಾನೆ. ಅಪೊಲೋ ದೇವತೆ ಅವನ ಕವಚ ಕಳಚಿ ಬೀಳುವಂತೆ ಬೆನ್ನಿಗೆ ಹೊಡೆಯುತ್ತಾನೆ, ಟ್ರಾಯ್‌ನ ಯೋಧ ಯೂಫೋರ್ಬಸನ ಈಟಿ ತಾಗುತ್ತದೆ, ಕೊನೆಗೆ ಟ್ರಾಯ್‌ನ ರಾಜಕುಮಾರ ಹೆಕ್ಟರ್ ಕೊಲ್ಲುತ್ತಾನೆ.

ದಾಯಾದಿ ಸಂಬಂಧವನ್ನು ಹೇಳುವುದು ಬೇರೆ ವಂಶಾವಳಿಗಳು. ‘ಇಲಿಯಡ್’ನಲ್ಲಿ ಅದರ ಪ್ರಸ್ತಾಪವಿಲ್ಲ. ಇಬ್ಬರೂ ಒಂದೇ ಮನೆಯಲ್ಲಿ ಬೆಳೆದದ್ದು ಹೇಗೆಂಬುದನ್ನು 23ನೆಯ ಸರ್ಗದಲ್ಲಿ ಪಾಟ್ರೋಕ್ಲಸನ ಪ್ರೇತವೇ ಅಕಿಲೀಸನ ಕನಸಿಗೆ ಬಂದು ನೆನಪಿಸುತ್ತದೆ. ಬಾಲ್ಯದಲ್ಲಿ ದಾಳದಾಟದ ಜಗಳದಲ್ಲಿ ಸಿಟ್ಟಿಗೆದ್ದು, ಬೇಕೆಂದಲ್ಲದಿದ್ದರೂ, ಒಬ್ಬ ಹುಡುಗನನ್ನು ಕೊಂದಿದ್ದ ಅವನನ್ನು ತಂದೆ ಊರು ಬಿಡಿಸಿ ಅಕಿಲೀಸನ ತಂದೆ ಪೀಲಿಯಸನ ಬಳಿಗೆ ಕರೆತಂದಿದ್ದ. ಒಂದೇ ಮನೆಯಲ್ಲಿ ಬೆಳೆದ ನಮ್ಮಿಬ್ಬರ ಎಲುಬುಗಳೂ ಒಂದೇ ಕಲಶದಲ್ಲಿರಲಿ ಎಂದು ಪ್ರೇತ ಕೇಳಿಕೊಳ್ಳುತ್ತದೆ. ಅಪ್ಪಿಕೊಳ್ಳಲು ಅಕಿಲೀಸ್ ಕೈಚಾಚಿದಾಗ ಹೊಗೆಯಂತೆ ನೆಲದೊಳಕ್ಕೆ ಇಳಿದುಹೋಗುತ್ತದೆ.