ಮೆಡಿಕಲ್ ಕೋಡಿಂಗ್‌ಗೆ ಸೇರುವ ಮುಂಚೆ ಯಾವ ಟೀಮ್ ಅಂತ ಕೇಳಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಬಿ.ಎಸ್‌ಸಿ., ಬಿ.ಫಾರ್ಮ್, ನರ್ಸಿಂಗ್ ಮುಗಿಸಿದವರೆಲ್ಲ ನನ್ನನ್ನು ಮೊದಲು ಕೇಳುವುದು, "ಮೆಡಿಕಲ್ ಕೋಡಿಂಗ್‌ನಲ್ಲಿ ಸಂಬಳ ಎಷ್ಟು ಸಿಗುತ್ತೆ ಮೇಡಂ?" ಅಂತ. ನಾನು ನೋಡಿದಂತೆ ಹೊಸಬರ ಕೈಗೆ ಬರುವುದು ತಿಂಗಳಿಗೆ ಸುಮಾರು 15ರಿಂದ 22 ಸಾವಿರ. ಬೆಂಗಳೂರಿನ ಪಿಜಿ ಬಾಡಿಗೆ, ಬಸ್ಸು, ಊಟ ಕಳೆದರೆ ಮನೆಗೆ ಕಳಿಸಲು ಜಾಸ್ತಿ ಉಳಿಯುವುದಿಲ್ಲ. ಕೋರ್ಸ್ ಮುಗಿದ ಕೂಡಲೇ 50 ಸಾವಿರ ಗ್ಯಾರಂಟಿ ಅಂತ ಯಾರಾದರೂ ಹೇಳಿದರೆ ಫೀಸು ಕಟ್ಟದೆ ಎದ್ದು ಬನ್ನಿ.

ಅಮೆರಿಕದ ಡಾಕ್ಟರು ಬರೆದ ಚಾರ್ಟ್, ಅಂದರೆ ರೋಗಿಯ ದಾಖಲೆ ಓದಿ ಕಾಯಿಲೆಗೆ ಐಸಿಡಿ-10 ಕೋಡ್, ಚಿಕಿತ್ಸೆಗೆ ಸಿಪಿಟಿ ಕೋಡ್ ಹಾಕುವುದು ನಮ್ಮ ಕೆಲಸ. ಇದನ್ನು ನೋಡಿಯೇ ಅಲ್ಲಿನ ಇನ್ಶೂರೆನ್ಸ್‌ನವರು ದುಡ್ಡು ಕೊಡುತ್ತಾರೆ. ಸೊರಬದ ಕ್ಯಾಸನೂರು ಕಾಡಿನ ಹೆಸರು ಹೊತ್ತ ನಮ್ಮ ಮಂಗನ ಕಾಯಿಲೆಗೂ ಐಸಿಡಿ-10ರಲ್ಲಿ ಎ98.2 ಅನ್ನುವ ಕೋಡ್ ಇದೆ. ಆದರೆ ದಿನಾ ಸಿಗುವುದು ಸಕ್ಕರೆ ಕಾಯಿಲೆ. ಚಾರ್ಟಿನಲ್ಲಿ ಟೈಪ್ 2 ಡಯಾಬಿಟಿಸ್ ಇದೆ, ಕಿಡ್ನಿಯ ದೀರ್ಘಕಾಲದ ತೊಂದರೆಯೂ ಇದೆ ಅಂದುಕೊಳ್ಳಿ. ಹೊಸಬರು ಬೇರೆ ತೊಡಕಿಲ್ಲದ ಸಕ್ಕರೆ ಕಾಯಿಲೆಯ ಕೋಡ್ ಇ11.9 ಹಾಕಿ ಮುಂದೆ ಹೋಗುತ್ತಾರೆ. ಡಾಕ್ಟರು ಬೇರೆ ಕಾರಣ ಬರೆದಿಲ್ಲ ಅಂದರೆ ಎರಡಕ್ಕೂ ಸಂಬಂಧ ಇದೆ ಅಂತಲೇ ನಿಯಮ, ಹಾಗಾಗಿ ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಎರಡನ್ನೂ ಸೇರಿಸಿ ಹೇಳುವ ಇ11.22 ಬರಬೇಕು, ಜೊತೆಗೆ ಕಿಡ್ನಿ ಯಾವ ಹಂತದಲ್ಲಿದೆ ಅಂತ ತಿಳಿಸಲು ಎನ್18ರ ಕೋಡ್ ಬೇರೆ. ನಾವು ಹಾಕಿದ ಕೋಡ್ ಮತ್ತೆ ನೋಡಿ ಆಡಿಟ್ ಮಾಡುವವರು ಹಿಡಿಯುವುದು ಇದನ್ನೇ. ಸಾಮಾನ್ಯವಾಗಿ ಶೇ. 95 ಸರಿ ಇರಲೇಬೇಕು, ಅದೂ ಇಷ್ಟು ಚಾರ್ಟ್ ಮುಗಿಸಬೇಕು ಅನ್ನುವ ಟಾರ್ಗೆಟ್ ಮುಟ್ಟಿಕೊಂಡು. ಇನ್‌ಕ್ರಿಮೆಂಟ್ ನಿಂತಿರುವುದು ಇಲ್ಲಿ.

ಕೋಡಿಂಗ್ ಮಾಡುವವರಿಗೆ ಸರ್ಟಿಫಿಕೇಟ್ ಕೊಡುವ ಸಿಪಿಸಿ ಪರೀಕ್ಷೆಯಲ್ಲಿ 100 ಪ್ರಶ್ನೆ, 4 ಗಂಟೆ, ಪಾಸಾಗಲು ಶೇ. 70. ಕೋಡ್ ಪುಸ್ತಕ ನೋಡಿಕೊಂಡೇ ಬರೆಯಬಹುದು, ಆದರೆ ಹುಡುಕುವ ಅಭ್ಯಾಸ ಇಲ್ಲದಿದ್ದರೆ ಸಮಯ ಸಾಲುವುದಿಲ್ಲ. ಫೀಸು ಡಾಲರ್ ಲೆಕ್ಕ. ಸಾಲ ಮಾಡಿ ಮೊದಲೇ ಬರೆಯುವುದಕ್ಕಿಂತ, ಕೆಲಸಕ್ಕೆ ಸೇರಿ ಚಾರ್ಟ್ ಕೈಗೆ ಹತ್ತಿದ ಮೇಲೆ ಬರೆಯುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಟೀಮ್, ಅಂದರೆ ಯಾವ ಥರದ ಚಾರ್ಟ್ ನಿಮಗೆ ಕೊಡುತ್ತಾರೆ ಅನ್ನುವುದು. ಎಕ್ಸ್‌ರೇ, ಸ್ಕ್ಯಾನ್ ನೋಡುವ ರೇಡಿಯಾಲಜಿಯಂಥ ಒಂದೇ ಥರದ ಕೆಲಸ ಈಗ ಸಾಫ್ಟ್‌ವೇರ್ ಪಾಲಾಗುತ್ತಿದೆ. ಸರ್ಜರಿ, ಇನ್‌ಪೇಷಂಟ್ (ಆಸ್ಪತ್ರೆಗೆ ಅಡ್ಮಿಟ್ ಆದವರ) ಚಾರ್ಟ್‌ಗಳು ಕಷ್ಟ, ಆದರೆ ಅಲ್ಲಿ ಪಳಗಿದವರಿಗೆ ಬೇಡಿಕೆ ಇದೆ. ಮೂರ್ನಾಲ್ಕು ವರ್ಷದಲ್ಲಿ 40 ಸಾವಿರ ದಾಟಿದವರು, ಆಡಿಟರ್ ಆದವರು ಹೆಚ್ಚಾಗಿ ಇಂಥ ಕಡೆಯಿಂದಲೇ ಬಂದವರು. ಎರಡು ಸಾವಿರ ಕಮ್ಮಿ ಕೊಟ್ಟರೂ ಸರ್ಜರಿ ಟೀಮ್ ಸಿಕ್ಕರೆ ಬಿಡಬೇಡಿ.

ಊರಿನಿಂದಲೇ ಕೆಲಸ ಮಾಡಬಹುದಾ ಅಂತಲೂ ಕೇಳುತ್ತಾರೆ. ಅನುಭವ ಇದ್ದವರಿಗೆ ಕೆಲವು ಕಡೆ ಕೊಡುತ್ತಾರೆ. ಆದರೆ ರೋಗಿಯ ಮಾಹಿತಿ ಹೊರಗೆ ಹೋಗಬಾರದು, ಅದಕ್ಕೆ ಬೇರೆ ಕೋಣೆ, ನಿಲ್ಲದ ನೆಟ್ ಎರಡೂ ಬೇಕು. ಆಷಾಢದ ಮಳೆಗೆ ಎರಡೆರಡು ದಿನ ಕರೆಂಟ್ ಹೋಗುವ ಹೊಸನಗರದ ಹಳ್ಳಿ ಮನೆಯಲ್ಲಿ ಅದು ಕಷ್ಟ. ಶಿವಮೊಗ್ಗ ಪೇಟೆಯಲ್ಲಿ ಒಂದು ರೂಮು ಮಾಡಿಕೊಂಡರೆ ಆಗುತ್ತದೆ.