ಹಾಲ್ ಆಫ್ ಫೇಮ್‌ಗೆ ಸೇರುವ ಸಂಗೀತಗಾರರನ್ನು ಆರಿಸುವವರು ಯಾರು, ಆ ಆಯ್ಕೆ ನ್ಯಾಯವೇ?

ಓದುಗರ ಪ್ರಶ್ನೆ: ರಾಕ್ ಸಂಗೀತದ ದೊಡ್ಡ ಹೆಸರುಗಳನ್ನು ಗೌರವಿಸುವ ಅಮೆರಿಕದ ಸಂಸ್ಥೆ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ನಡೆಸುವ ಅಭಿಮಾನಿಗಳ ಮತದಾನದಲ್ಲಿ ಮೊದಲ ಸ್ಥಾನ ಪಡೆದ ತಂಡಗಳೇ ಆಯ್ಕೆಯಾಗದೆ ಹೊರಗುಳಿದ ಉದಾಹರಣೆಗಳಿವೆ. ಹಾಗಿದ್ದರೆ ನಿಜವಾಗಿ ಆಯ್ಕೆ ಮಾಡುವವರು ಯಾರು? ಅದರಲ್ಲಿ ನ್ಯಾಯವಿದೆಯೇ?

ಉತ್ತರ: ಆಯ್ಕೆ ಮಾಡುವವರು ಸಾವಿರಕ್ಕೂ ಹೆಚ್ಚು ಮಂದಿ ಮತದಾರರು. ಆದರೆ ಆ ಸಾವಿರ ಮಂದಿ ಯಾವ ಯಾವ ಹೆಸರುಗಳ ನಡುವೆ ಆರಿಸಬೇಕು ಎಂಬುದನ್ನು, ಒಂದು ಕೋಣೆಯಲ್ಲಿ ಕೂರಬಹುದಾದಷ್ಟು ಜನರ ನಾಮನಿರ್ದೇಶನ ಸಮಿತಿಯು ಅವರಿಗಿಂತ ಮೊದಲೇ ತೀರ್ಮಾನಿಸಿರುತ್ತದೆ. ಅಭಿಮಾನಿಗಳ ಸಿಟ್ಟು ಸಾಮಾನ್ಯವಾಗಿ ಮತ ಎಣಿಕೆಯ ಕಡೆಗೆ ತಿರುಗುತ್ತದೆ. ನನ್ನ ಅಭಿಪ್ರಾಯದಲ್ಲಿ ಹೆಚ್ಚಿನ ಅನ್ಯಾಯ ನಡೆದಿರುವುದು ಎಣಿಕೆಯಲ್ಲಲ್ಲ, ಮತಪತ್ರವನ್ನು ಸಿದ್ಧಪಡಿಸುವ ಆ ಮೊದಲ ಹಂತದಲ್ಲಿ. ಎಲೆಯನ್ನೇ ಹಾಕದಿದ್ದ ಮೇಲೆ ಬಡಿಸುವವರ ಕೈ ಧಾರಾಳವೋ ಬಿಗಿಯೋ ಎಂಬ ಮಾತೇ ಹುಟ್ಟುವುದಿಲ್ಲ.

ಮೊದಲು ಸಂಸ್ಥೆಯ ಕುರಿತು ಕೆಲವು ಮಾತು. ಅಟ್ಲಾಂಟಿಕ್ ರೆಕಾರ್ಡ್ಸ್ ಕಂಪನಿಯನ್ನು ಕಟ್ಟಿದ ಅಹ್ಮೆಟ್ ಎರ್ಟೆಗುನ್ ಅವರ ಮುಂದಾಳತ್ವದಲ್ಲಿ 1983ರಲ್ಲಿ ಇದರ ಪ್ರತಿಷ್ಠಾನ ಸ್ಥಾಪನೆಯಾಯಿತು, 1986ರಲ್ಲಿ ಮೊದಲ ತಂಡದ ಕಲಾವಿದರಿಗೆ ಗೌರವ ಸಂದಿತು, ಮತ್ತು 1995ರಲ್ಲಿ ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿ, ಈರಿ ಸರೋವರದ ದಂಡೆಯ ಮೇಲೆ, ವಾಸ್ತುಶಿಲ್ಪಿ ಐ. ಎಂ. ಪೇ ವಿನ್ಯಾಸಗೊಳಿಸಿದ ವಸ್ತುಸಂಗ್ರಹಾಲಯ ತೆರೆಯಿತು. ಕಲಾವಿದರ ಮೊದಲ ಧ್ವನಿಮುದ್ರಣ ಮಾರುಕಟ್ಟೆಗೆ ಬಂದು 25 ವರ್ಷ ಕಳೆದಿರಬೇಕು ಎಂಬುದೊಂದೇ ಕಟ್ಟುನಿಟ್ಟಾದ ಅರ್ಹತೆ. ಅದರಾಚೆಗೆ ಪ್ರಭಾವ, ಸಂಗೀತದ ಗುಣಮಟ್ಟ ಮುಂತಾದ ಮಾತುಗಳಿವೆಯೇ ಹೊರತು ಎಷ್ಟು ಆಲ್ಬಮ್ ಮಾರಾಟವಾಗಿರಬೇಕು ಎಂಬಂತಹ ಅಳತೆಗೋಲು ಯಾವುದೂ ಇಲ್ಲ. ಅಂತಹ ಅಳತೆಗೋಲು ಇರಬಾರದು ಎಂಬುದು ನನಗೂ ಒಪ್ಪಿಗೆಯೇ, ಏಕೆಂದರೆ ಮಾರಾಟವೇ ಮಾನದಂಡವಾದರೆ ಆ ಕೆಲಸಕ್ಕೆ ಸಮಿತಿ ಬೇಕಿಲ್ಲ, ಒಬ್ಬ ಗುಮಾಸ್ತ ಸಾಕು.

ಈಗ ಒಂದು ಹಾಡನ್ನು ಹಿಡಿದು ಹೋಗೋಣ. 'ದಿ ಟ್ವಿಸ್ಟ್' ಎಂಬ ಹಾಡನ್ನು ಬರೆದು, ಮಿಡ್‌ನೈಟರ್ಸ್ ಎಂಬ ತನ್ನ ತಂಡದೊಂದಿಗೆ ಮೊದಲು ಹಾಡಿದವರು ಹ್ಯಾಂಕ್ ಬ್ಯಾಲರ್ಡ್. ಅವರ ಮುದ್ರಿಕೆ 1959ರಲ್ಲಿ ಬಂದಾಗ ಹಾಡು ಗ್ರಾಮಫೋನ್ ತಟ್ಟೆಯ ಹಿಂಬದಿಯಲ್ಲಿತ್ತು. ಮರುವರ್ಷ ಅದನ್ನೇ ಚಬ್ಬಿ ಚೆಕರ್ ಎಂಬ ಹದಿಹರೆಯದ ಗಾಯಕ ಹಾಡಿದಾಗ ಅದು ಅಮೆರಿಕದ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು, ಕೆಳಗಿಳಿಯಿತು, 1962ರ ಜನವರಿಯಲ್ಲಿ ಮತ್ತೊಮ್ಮೆ ಮೊದಲ ಸ್ಥಾನಕ್ಕೆ ಬಂತು. ಜೋಡಿಗಳು ಕೈಹಿಡಿದು ಕುಣಿಯುತ್ತಿದ್ದ ಕಾಲದಲ್ಲಿ ಎದುರುಬದುರು ನಿಂತು ಸೊಂಟ ತಿರುಗಿಸುವ ಆ ಕುಣಿತ ಒಂದು ತಲೆಮಾರಿನ ನೃತ್ಯದ ರೂಢಿಯನ್ನೇ ಬದಲಿಸಿತು. ಇಂತಹ ಹಾಡಿಗೆ ಸಂಬಂಧಿಸಿದವರಲ್ಲಿ ಬ್ಯಾಲರ್ಡ್ 1990ರಲ್ಲಿ ಹಾಲ್ ಆಫ್ ಫೇಮ್ ಸೇರಿದರು, ಅವರ ಪಕ್ಕದಲ್ಲಿ ನಿಂತು ಹಾಡಿದ ಮಿಡ್‌ನೈಟರ್ಸ್ ತಂಡದವರು 2012ರಲ್ಲಿ ಸೇರಿದರು, ಚಬ್ಬಿ ಚೆಕರ್ ಸೇರಿದ್ದು 2025ರಲ್ಲಿ, ತಮ್ಮ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ.

ಇಲ್ಲಿ ಗಮನಿಸಬೇಕಾದದ್ದು ತಡವನ್ನಲ್ಲ, ತಡವಾದ ಬಗೆಯನ್ನು. ಚೆಕರ್ 1986ರಲ್ಲೇ ಅರ್ಹರಾಗಿದ್ದರು. ತಮ್ಮನ್ನು ಕಡೆಗಣಿಸಲಾಗಿದೆ ಎಂದು 2001ರಲ್ಲಿ ಬಿಲ್‌ಬೋರ್ಡ್ ಪತ್ರಿಕೆಯಲ್ಲಿ ಪುಟದ ತುಂಬ ಜಾಹೀರಾತು ಹಾಕಿಸಿ ದೂರಿದ್ದರು. ಆದರೆ ಅವರ ಹೆಸರು ಮತಪತ್ರದ ಮೇಲೆ ಮೊದಲ ಬಾರಿ ಕಾಣಿಸಿಕೊಂಡದ್ದೇ 2025ರ ಆಯ್ಕೆಗೆ, ಮತ್ತು ಆ ಮೊದಲ ಬಾರಿಗೇ ಮತದಾರರು ಅವರನ್ನು ಗೆಲ್ಲಿಸಿದರು. ಅಂದರೆ ಸುಮಾರು ನಾಲ್ಕು ದಶಕ ಅವರನ್ನು ಯಾರೂ ತಿರಸ್ಕರಿಸಿರಲಿಲ್ಲ. ಅವರ ಬಗ್ಗೆ ಮತದಾರರನ್ನು ಯಾರೂ ಕೇಳಿರಲಿಲ್ಲ, ಅಷ್ಟೆ. ಚೆಕರ್ ಹಾಡಿದ್ದು ಇನ್ನೊಬ್ಬರ ಹಾಡನ್ನಲ್ಲವೇ, ಅವರದು ಒಂದು ಕುಣಿತದ ಗೀಳಿನಿಂದ ಬಂದ ಹೆಸರಲ್ಲವೇ ಎಂದು ವಾದಿಸುವವರು ಇದ್ದಾರೆ. ವಾದ ತೂಕದ್ದೇ ಇರಬಹುದು. ಆದರೆ ಅದನ್ನು ಮತದಾರರ ಮುಂದಿಟ್ಟು ಸೋಲುವುದಕ್ಕೂ ಮುಚ್ಚಿದ ಬಾಗಿಲ ಹಿಂದೆ ಅದು ತಾನಾಗಿಯೇ ಗೆಲ್ಲುವುದಕ್ಕೂ ಬಹಳ ವ್ಯತ್ಯಾಸವಿದೆ.

ಗೋ-ಗೋಸ್ ಎಂಬ ಮಹಿಳೆಯರ ತಂಡದ ಕತೆಯೂ ಇದೇ ಜಾಡಿನದು. ತಮ್ಮ ಹಾಡುಗಳನ್ನು ತಾವೇ ಬರೆದು, ತಮ್ಮ ವಾದ್ಯಗಳನ್ನು ತಾವೇ ನುಡಿಸಿ, ಅಮೆರಿಕದ ಆಲ್ಬಮ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಮೊದಲ ಮಹಿಳಾ ತಂಡ ಅವರದು. 2006ರಿಂದ ಅರ್ಹತೆಯಿತ್ತು. ಹೆಸರು ಮತಪತ್ರಕ್ಕೆ ಬಂದದ್ದು 2021ರಲ್ಲಿ, ಗೆದ್ದದ್ದೂ ಅದೇ ವರ್ಷ.

ಮಹಿಳೆಯರ ಪ್ರಶ್ನೆ ಬಂದ ಮೇಲೆ ಅಂಕಿಗಳ ಮಾತೂ ಬರಲೇಬೇಕು. 1986ರಲ್ಲಿ ಗಾಯಕ-ವಾದಕರ ವಿಭಾಗದಲ್ಲಿ ಆಯ್ಕೆಯಾದ ಹತ್ತು ಹೆಸರುಗಳಲ್ಲಿ, ಎಲ್ವಿಸ್ ಪ್ರೀಸ್ಲಿ, ಚಕ್ ಬೆರ್ರಿ, ರೇ ಚಾರ್ಲ್ಸ್ ಮೊದಲಾದವರ ಆ ಸಾಲಿನಲ್ಲಿ, ಒಬ್ಬ ಮಹಿಳೆಯೂ ಇರಲಿಲ್ಲ. ಮರುವರ್ಷ ಅರೀಥಾ ಫ್ರ್ಯಾಂಕ್ಲಿನ್ ಬಂದರು. 2019ರ ಕೊನೆಯಲ್ಲಿ ವಿಮರ್ಶಕಿ ಎವೆಲಿನ್ ಮೆಕ್‌ಡೊನೆಲ್ ಲೆಕ್ಕ ಹಾಕಿದಾಗ, ಅಲ್ಲಿಯವರೆಗೆ ಸೇರಿದ್ದ 888 ಜನರಲ್ಲಿ ಮಹಿಳೆಯರ ಪಾಲು ಶೇಕಡಾ 7.7 ಮಾತ್ರ ಎಂದು ತಿಳಿಯಿತು. ಅದೇ ವರ್ಷದ ಸಮಾರಂಭದಲ್ಲಿ ಗೌರವ ಸ್ವೀಕರಿಸಿದ ಜ್ಯಾನೆಟ್ ಜಾಕ್ಸನ್, ಮುಂದಿನ ವರ್ಷ ಹೆಚ್ಚು ಮಹಿಳೆಯರನ್ನು ಸೇರಿಸಿಕೊಳ್ಳಿ ಎಂದು ವೇದಿಕೆಯ ಮೇಲಿಂದಲೇ ಕೇಳಿಕೊಂಡಿದ್ದರು. ಈ ಅಂಕಿಯನ್ನು ಓದುವಾಗ ಒಂದು ಎಚ್ಚರ ಬೇಕು: ಇದು ತಲೆ ಎಣಿಸಿ ಮಾಡಿದ ಲೆಕ್ಕ, ಐದು ಗಂಡಸರ ಒಂದು ತಂಡ ಸೇರಿದರೆ ಐದು, ಒಬ್ಬಳೇ ಗಾಯಕಿ ಸೇರಿದರೆ ಒಂದು. ತಲೆಗಳ ಬದಲು ತಂಡಗಳನ್ನು ಎಣಿಸಿದರೆ ಮಹಿಳೆಯರ ಪಾಲು ಇದಕ್ಕಿಂತ ಮೇಲೇರುತ್ತದೆ. ಹಾಗೆ ಎಣಿಸಿದರೂ ಅದು ಅರ್ಧದ ಹತ್ತಿರಕ್ಕೆ ಸುಳಿಯುವುದಿಲ್ಲ.

ಆದರೂ ತಲೆ ಎಣಿಸುವುದಕ್ಕೆ ಇಲ್ಲಿ ಒಂದು ವಿಶೇಷ ಕಾರಣವಿದೆ, ಮತ್ತು ಈ ಸಂಗತಿ ಸಾಮಾನ್ಯ ಚರ್ಚೆಯಲ್ಲಿ ಅಷ್ಟಾಗಿ ಕಾಣಿಸುವುದಿಲ್ಲ. ಹಾಲ್ ಆಫ್ ಫೇಮ್ ಸೇರಿದ ಪ್ರತಿಯೊಬ್ಬ ಕಲಾವಿದನೂ ಬದುಕಿರುವವರೆಗೆ ಮುಂದಿನ ಆಯ್ಕೆಗಳಿಗೆ ಮತದಾರನಾಗುತ್ತಾನೆ. ಇತಿಹಾಸಕಾರರು ಮತ್ತು ಸಂಗೀತ ಉದ್ಯಮದವರು ಇದ್ದರೂ ಮತದಾರರ ಪಟ್ಟಿ ಬೆಳೆಯುವ ದಾರಿ ಮುಖ್ಯವಾಗಿ ಇದೇ. ಐದು ಗಂಡಸರ ತಂಡ ಸೇರಿದಾಗ ಐದು ಗೌರವಗಳ ಜೊತೆಗೆ ಐದು ಮತಗಳೂ ಅವರ ಪಾಲಾಗುತ್ತವೆ. ಹಿಂದಿನ ಸಮಿತಿಯ ಒಲವು ಹೀಗೆ ಮುಂದಿನ ಮತದಾರರ ಒಲವಾಗಿ ಉಳಿದುಕೊಳ್ಳುತ್ತದೆ. ಅದಕ್ಕೆ ಯಾರೂ ಪಿತೂರಿ ಮಾಡಬೇಕಾಗಿಲ್ಲ. ಮನುಷ್ಯ ತನ್ನ ಜೊತೆ ಪ್ರವಾಸ ಮಾಡಿದವರನ್ನೂ ತಾನು ಕೇಳಿ ಬೆಳೆದವರನ್ನೂ ನೆನೆದರೆ ಸಾಕು.

ಪ್ರತಿಷ್ಠಾನದ ಸ್ಥಾಪಕರಲ್ಲಿ ಒಬ್ಬರಾಗಿ ಬಹುಕಾಲ ಅದರ ಅಧ್ಯಕ್ಷರೂ ಆಗಿದ್ದ, ರೋಲಿಂಗ್ ಸ್ಟೋನ್ ಪತ್ರಿಕೆಯ ಸಹಸಂಸ್ಥಾಪಕ ಯಾನ್ ವೆನರ್ ಅವರ ಪ್ರಕರಣ ಈ ಒಲವಿನ ಮೇಲಿನ ಪರದೆಯನ್ನು ಸ್ವಲ್ಪ ಸರಿಸಿತು. 2023ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸಂದರ್ಶನದಲ್ಲಿ, ತಮ್ಮ ಸಂದರ್ಶನಗಳ ಪುಸ್ತಕದಲ್ಲಿ ಬರೀ ಬಿಳಿಯ ಗಂಡಸರೇ ಏಕೆ ಎಂಬ ಪ್ರಶ್ನೆಗೆ, ಕಪ್ಪು ಜನಾಂಗದ ಮತ್ತು ಮಹಿಳಾ ಸಂಗೀತಗಾರರು ಆ ಬೌದ್ಧಿಕ ಮಟ್ಟದಲ್ಲಿ ಮಾತನಾಡಬಲ್ಲವರಾಗಿರಲಿಲ್ಲ ಎಂಬರ್ಥದ ಉತ್ತರ ಕೊಟ್ಟರು. ಸಂದರ್ಶನ ಪ್ರಕಟವಾದ ಮರುದಿನವೇ ಆಡಳಿತ ಮಂಡಳಿ ಅವರನ್ನು ಹೊರಹಾಕಿತು, ಅವರೂ ಕ್ಷಮೆ ಕೇಳಿದರು. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು ಎಂದು ಅನೇಕರಿಗೆ ಅನ್ನಿಸಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಒಬ್ಬರನ್ನು ಕಳಿಸಿದ ಮಾತ್ರಕ್ಕೆ ಅವರ ಕಾಲದಲ್ಲಿ ರೂಪುಗೊಂಡ ಮತದಾರರ ಪಟ್ಟಿ ಬದಲಾಗುವುದಿಲ್ಲ.

ಇನ್ನು ನೀವು ನೇರವಾಗಿ ಕೇಳಿದ ಅಭಿಮಾನಿಗಳ ಮತದ ವಿಚಾರ. 2013ರ ಸಾಲಿನ ಆಯ್ಕೆಯಿಂದ ಸಾರ್ವಜನಿಕರಿಗೂ ಮತ ಹಾಕಲು ಅವಕಾಶವಿದೆ. ಆದರೆ ಅಲ್ಲಿ ಅತಿ ಹೆಚ್ಚು ಮತ ಪಡೆದ ಕೆಲವು ಹೆಸರುಗಳನ್ನು ಸೇರಿಸಿ ಒಂದೇ ಒಂದು ಮತಪತ್ರ ಮಾಡಿ, ಅದನ್ನು ಉಳಿದ ಸಾವಿರ ಮತಪತ್ರಗಳ ಜೊತೆ ಎಣಿಸಲಾಗುತ್ತದೆ. 2020ರ ಆಯ್ಕೆಯಲ್ಲಿ ಡೇವ್ ಮ್ಯಾಥ್ಯೂಸ್ ಬ್ಯಾಂಡ್‌ಗೆ ಅಭಿಮಾನಿಗಳಿಂದ ಹತ್ತು ಲಕ್ಷಕ್ಕೂ ಹೆಚ್ಚು ಮತ ಬಂದವು. ಅವೆಲ್ಲ ಸೇರಿ ಒಬ್ಬ ಮತದಾರನ ಒಂದು ಚೀಟಿಗೆ ಸಮವಾದವು, ತಂಡ ಆ ವರ್ಷ ಸೋತು 2024ರಲ್ಲಿ ಸೇರಿತು. 2025ರಲ್ಲಿ ಅಭಿಮಾನಿಗಳ ಪಟ್ಟಿಯ ತುದಿಯಲ್ಲಿದ್ದ ಫಿಶ್ ತಂಡಕ್ಕೂ ಅದೇ ಗತಿಯಾಯಿತು. ಇದು ಮೋಸವೆಂದು ನಾನು ಹೇಳಲಾರೆ, ಏಕೆಂದರೆ ನಿಯಮ ಬಹಿರಂಗವಾಗಿಯೇ ಇದೆ. ಒಬ್ಬರೇ ದಿನಕ್ಕೊಮ್ಮೆ ಹಾಕಬಹುದಾದ ಮತಕ್ಕೆ ಹೆಚ್ಚು ತೂಕ ಕೊಟ್ಟರೆ ಗೆಲ್ಲುವುದು ಸಂಗೀತವಲ್ಲ, ಸಂಘಟನೆ. ಆದರೂ ಫಲಿತಾಂಶದ ಮೇಲೆ ಇಷ್ಟು ಕಡಿಮೆ ಪರಿಣಾಮ ಬೀರುವ ಮತವನ್ನು ಇಷ್ಟು ಅಬ್ಬರದಿಂದ ಕೇಳುವುದು ಶೋಭೆಯಲ್ಲ.

ಮತದಾನವನ್ನು ತಪ್ಪಿಸಿ ಹೋಗುವ ಪಕ್ಕದ ಬಾಗಿಲುಗಳೂ ಇವೆ. ಪೂರ್ವ ಪ್ರಭಾವ (2023ರಿಂದ ಇದರ ಹೆಸರು ಸಂಗೀತ ಪ್ರಭಾವ), ಸಂಗೀತ ಶ್ರೇಷ್ಠತೆ ಮೊದಲಾದ ವಿಭಾಗಗಳಿಗೆ ಸಮಿತಿಗಳೇ ನೇರವಾಗಿ ಆರಿಸುತ್ತವೆ, ಅಲ್ಲಿ ಸಾವಿರ ಮತದಾರರ ಕೆಲಸವಿಲ್ಲ. ಮೊದಲನೆಯ ವಿಭಾಗ ಹುಟ್ಟಿದ್ದು ರಾಕ್ ಸಂಗೀತಕ್ಕೆ ದಾರಿ ಮಾಡಿಕೊಟ್ಟ ಹಿರಿಯರಿಗಾಗಿ. ಆದರೆ 1970ರಲ್ಲಿ ಆರಂಭವಾದ ಜರ್ಮನಿಯ ಕ್ರಾಫ್ಟ್‌ವೆರ್ಕ್ ತಂಡ ಹಲವು ಬಾರಿ ಮತದಲ್ಲಿ ಸೋತ ನಂತರ 2021ರಲ್ಲಿ ಒಳಗೆ ಬಂದದ್ದು ಇದೇ ಬಾಗಿಲಿನಿಂದ. ಈ ಬಾಗಿಲಿನಿಂದ ಕೆಲವು ಹಳೆಯ ಸಾಲಗಳೂ ತೀರಿವೆ. 'ಹೌಂಡ್ ಡಾಗ್' ಹಾಡನ್ನು 1952ರಲ್ಲಿ ಮೊದಲು ಧ್ವನಿಮುದ್ರಿಸಿದವರು ಬಿಗ್ ಮಾಮಾ ಥಾರ್ನ್‌ಟನ್ ಎಂಬ ಕಪ್ಪು ಜನಾಂಗದ ಗಾಯಕಿ. ಅದೇ ಹಾಡನ್ನು 1956ರಲ್ಲಿ ಹಾಡಿ ಮನೆಮಾತು ಮಾಡಿದ ಎಲ್ವಿಸ್‌ಗೆ 1986ರಲ್ಲಿ, ಹಾಡನ್ನು ಬರೆದ ಲೀಬರ್ ಮತ್ತು ಸ್ಟೋಲರ್ ಜೋಡಿಗೆ 1987ರಲ್ಲಿ ಗೌರವ ಸಂದಿತು. ಥಾರ್ನ್‌ಟನ್ ಹೆಸರು ಸೇರಿದ್ದು 2024ರಲ್ಲಿ, ಅವರು ತೀರಿಕೊಂಡು ನಲವತ್ತು ವರ್ಷವಾದ ಮೇಲೆ.

ತಂಡ ಆಯ್ಕೆಯಾದ ಮೇಲೂ ತಂಡದವರೆಂದರೆ ಯಾರು ಎಂಬ ತಕರಾರು ಉಳಿಯುತ್ತದೆ. 1994ರಲ್ಲಿ ಗ್ರೇಟ್‌ಫುಲ್ ಡೆಡ್ ತಂಡದ ಹನ್ನೆರಡು ಮಂದಿಯನ್ನು, ಹಾಡು ಬರೆದುಕೊಟ್ಟ ರಾಬರ್ಟ್ ಹಂಟರ್ ಅವರನ್ನೂ ಸೇರಿಸಿ ಗೌರವಿಸಲಾಯಿತು. 2014ರಲ್ಲಿ ಕಿಸ್ ತಂಡದ ಸರದಿ ಬಂದಾಗ ಮೂಲದ ನಾಲ್ವರು ಮಾತ್ರ ಎಂದಾಯಿತು, ಮುನಿಸಿನಿಂದ ತಂಡ ಆ ರಾತ್ರಿ ನುಡಿಸಲೇ ಇಲ್ಲ. ಗಾಯಕ ಜೇಮ್ಸ್ ಬ್ರೌನ್ 1986ರಲ್ಲೇ ಸೇರಿದ್ದರು. ಅವರನ್ನು ತಮ್ಮ ತಂಡಕ್ಕೆ ಕರೆದುಕೊಂಡು ಬೆಳೆಸಿದ ಬಾಬಿ ಬರ್ಡ್ ಮತ್ತು ಫೇಮಸ್ ಫ್ಲೇಮ್ಸ್ ಸಂಗಡಿಗರಿಗೆ 2012ರಲ್ಲಿ ವಿಶೇಷ ಸಮಿತಿಯೊಂದು ನ್ಯಾಯ ಒದಗಿಸಿತು. ಬರ್ಡ್ 2007ರಲ್ಲೇ ತೀರಿಕೊಂಡಿದ್ದರು. ಡೇವ್ ಕ್ಲಾರ್ಕ್ ಫೈವ್ ತಂಡದ ಮುಖ್ಯ ಗಾಯಕ ಮೈಕ್ ಸ್ಮಿತ್ ಕಣ್ಣು ಮುಚ್ಚಿದ್ದು 2008ರ ಫೆಬ್ರವರಿ 28ರಂದು, ಅವರ ತಂಡಕ್ಕೆ ಗೌರವ ಸಂದದ್ದು ಮಾರ್ಚ್ 10ರಂದು.

ಸಮಿತಿಯ ಕಷ್ಟವೂ ನನಗೆ ಅರ್ಥವಾಗುತ್ತದೆ. ಪ್ರತಿ ವರ್ಷ ಹೊಸಬರು ಅರ್ಹರಾಗುತ್ತಲೇ ಇರುತ್ತಾರೆ, ಮತಪತ್ರದಲ್ಲಿ ಇರುವುದು ಹದಿನೈದರ ಆಸುಪಾಸು ಹೆಸರು, ಒಳಗೆ ಹೋಗುವವರು ಐದರಿಂದ ಎಂಟು. ಜರಡಿ ಹಿಡಿಯುವವರು ಯಾರಾದರೂ ಬೇಕು. ಜರಡಿ ಹಿಡಿದವರು ಏನನ್ನು ಉಳಿಸಿದರು, ಏನನ್ನು ಬಿಟ್ಟರು ಎಂದು ಹೊರಗೆ ತಿಳಿಯಬೇಕೆಂಬುದಷ್ಟೇ ಕೇಳಬಹುದಾದ ನ್ಯಾಯ.

ಇದು ಅಸಾಧ್ಯವಾದ ಬೇಡಿಕೆಯಲ್ಲ. ಅದೇ ದೇಶದ ಕೂಪರ್ಸ್‌ಟೌನ್‌ನಲ್ಲಿರುವ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ನಲ್ಲಿ ಕ್ರೀಡಾ ಪತ್ರಕರ್ತರು ಮತ ಹಾಕುತ್ತಾರೆ, ಗೆಲ್ಲಲು ಶೇಕಡಾ 75 ಮತ ಬೇಕು, ಒಬ್ಬ ಆಟಗಾರನ ಹೆಸರು ಹೆಚ್ಚೆಂದರೆ ಹತ್ತು ವರ್ಷ ಮತಪತ್ರದಲ್ಲಿರಬಹುದು, ಮತ್ತು ಪ್ರತಿಯೊಬ್ಬನಿಗೂ ಎಷ್ಟು ಮತ ಬಂತೆಂಬುದನ್ನು ಪ್ರಕಟಿಸಲಾಗುತ್ತದೆ. 2025ರಲ್ಲಿ ಇಚಿರೊ ಸುಜುಕಿಗೆ 394ರಲ್ಲಿ 393 ಮತ ಬಂದಾಗ ಆ ಒಂದು ಮತ ಏಕೆ ತಪ್ಪಿತೆಂದು ದೇಶವೇ ಕೇಳಿತು. ಆಟದಂತೆ ಸಂಗೀತದಲ್ಲಿ ಅಂಕಗಳಿಲ್ಲದಿರಬಹುದು, ಮತಗಳಂತೂ ಇವೆ. ಶೀಕ್ ಎಂಬ ತಂಡ, ಡಿಸ್ಕೊ ಸಂಗೀತದ ತಾಳಕ್ಕೆ ತನ್ನ ಗುರುತು ಕೊಟ್ಟ ತಂಡ, ರಾಕ್ ಹಾಲ್ ಆಫ್ ಫೇಮ್ ಮತಪತ್ರದಲ್ಲಿ ಹನ್ನೊಂದು ಬಾರಿ ಕಾಣಿಸಿಕೊಂಡು ಹನ್ನೊಂದು ಬಾರಿಯೂ ಸೋತಿತು. ಕೊನೆಗೆ 2017ರಲ್ಲಿ ಸಂಗೀತ ಶ್ರೇಷ್ಠತೆಯ ಪ್ರಶಸ್ತಿಯನ್ನು ಅದರ ಗಿಟಾರ್ ವಾದಕ ನೈಲ್ ರಾಜರ್ಸ್ ಅವರೊಬ್ಬರಿಗೆ ಕೊಟ್ಟು ಒಳಗೆ ಕರೆದುಕೊಳ್ಳಲಾಯಿತು. ಆ ಹನ್ನೊಂದು ಬಾರಿಗಳಲ್ಲಿ ತಂಡ ಸೋತದ್ದು ಐದು ಮತಗಳಿಂದಲೋ ಐನೂರು ಮತಗಳಿಂದಲೋ ಎಂಬುದನ್ನು ಸಂಸ್ಥೆ ಇದುವರೆಗೆ ಪ್ರಕಟಿಸಿಲ್ಲ.